ಹನಿ ಮಾಮನ ಕೈಗುಣ

ಆ ಕಾರ್ಖಾನೆಯಲ್ಲಿ ಕಣ್ಣಿಗೆ ಕಸ ಬಿದ್ದವರು ಮೊದಲು ಹೋಗುತ್ತಿದ್ದದ್ದು ಮೇಸ್ತ್ರಿಯ ಹತ್ತಿರವೂ ಅಲ್ಲ, ಗೋಡೆಗೆ ನೇತುಹಾಕಿದ್ದ ಪ್ರಥಮ ಚಿಕಿತ್ಸೆಯ ಡಬ್ಬಿಯ ಹತ್ತಿರವೂ ಅಲ್ಲ. ಸೀದಾ ಹನಿ ಮಾಮನ ಹತ್ತಿರ. ಒಂದು ಕೈಯಲ್ಲಿ ಕಣ್ಣು ಮುಚ್ಚಿಕೊಂಡು, ಇನ್ನೊಂದು ಕೈ ಮುಂದೆ ಚಾಚಿಕೊಂಡು ಲೇತ್‌ಗಳ ಸಾಲಿನ ನಡುವೆ ಯಾರಾದರೂ ತಡವರಿಸುತ್ತ ಬಂದರೆ ಉಳಿದವರು ಏನು ಎತ್ತ ಎಂದು ಕೇಳದೆಯೇ ದಾರಿ ಬಿಡುತ್ತಿದ್ದರು.

ಹನಿ ಮಾಮ ಗ್ರೈಂಡಿಂಗ್ ಕೆಲಸದವನು. ಲೇತ್‌ನಲ್ಲಿ ಕಡೆದ ಉಕ್ಕಿನ ತುಂಡುಗಳು ಕೊನೆಗೆ ಅವನ ಚಕ್ರಕ್ಕೆ ಬಂದು, ಕೂದಲೆಳೆಗಿಂತ ಕಡಿಮೆ ಸವೆದು, ಅಳತೆಗೆ ಸರಿಯಾಗಿ ಕೂತು ಹೊರಗೆ ಹೋಗುತ್ತಿದ್ದವು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಅವನ ಕೈ ನಡುಗಿದ್ದನ್ನು ಕಂಡವರಿಲ್ಲ. ಅಂಥವನು ಕಣ್ಣಿನ ಕಸ ತೆಗೆಯುವುದರಲ್ಲೂ ಎತ್ತಿದ ಕೈ ಆದದ್ದರಲ್ಲಿ ಆಶ್ಚರ್ಯವೇನಿಲ್ಲ. ಬಂದವನನ್ನು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ತಲೆ ಹಿಂದಕ್ಕೆ ಒರಗಿಸಿ, "ಮೇಲೆ ನೋಡು... ನನ್ನನ್ನ ನೋಡ್ಬೇಡ ಮಹರಾಯ, ನನ್ನ ಮುಖದಲ್ಲೇನಿದೆ, ಸೂರು ನೋಡು" ಎನ್ನುತ್ತಿದ್ದ. ಬಂದವನು ನಗುವಷ್ಟರಲ್ಲಿ ಮಡಿಚಿದ ತೆಳು ಕಾಗದದ ಮೂಲೆಯಿಂದ ಕಸ ಎತ್ತಿ ಮುಗಿಸಿರುತ್ತಿದ್ದ. ಆಮೇಲೆ ಡ್ರಾಯರ್ ಎಳೆದು ಪುಟ್ಟ ಬಿಳಿ ಬಾಟಲಿ ತೆಗೆದು ಎರಡು ಹನಿ. ಹೆಸರು ಬಂದದ್ದು ಅದರಿಂದ. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಆ ಬಾಟಲಿಯ ಕಥೆ ಸಣ್ಣದು. ಇಪ್ಪತ್ತು ವರ್ಷದ ಹಿಂದೆ ಅವನಿಗೇ ಕಣ್ಣು ಬಂದಿತ್ತು. ಡಾಕ್ಟರು ಒಂದು ಆ್ಯಂಟಿಬಯೋಟಿಕ್ ಹನಿ ಬರೆದುಕೊಟ್ಟರು. ಏಳು ದಿನ ಹಾಕಿ ಅಂದರು. ಮೂರೇ ದಿನಕ್ಕೆ ಕೆಂಪು ಇಳಿಯಿತು. ಉಳಿದ ಔಷಧಿಯನ್ನು ಚೆಲ್ಲುವುದೇಕೆಂದು ಕಾರ್ಖಾನೆಗೆ ತಂದಿಟ್ಟ. ಅದು ಖಾಲಿಯಾದ ಮೇಲೆ ಔಷಧಿ ಅಂಗಡಿಯಲ್ಲಿ ಖಾಲಿ ಬಾಟಲಿ ತೋರಿಸಿ ಹೊಸದು ತಂದ. ಅಂಗಡಿಯವನು ಚೀಟಿ ಕೇಳಲಿಲ್ಲ. ಇವನೂ ಕೇಳಿಸಿಕೊಳ್ಳಲು ಅಲ್ಲಿ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಡ್ರಾಯರ್‌ನಲ್ಲಿ ಬಾಟಲಿ ತಪ್ಪಿದ್ದಿಲ್ಲ. ಅವನದೊಂದು ನಿಯಮವೂ ಇತ್ತು: "ಕೆಂಪು ಇಳೀತಾ? ಹಾಗಾದ್ರೆ ನಿಲ್ಸು. ಔಷಧಿ ದಂಡ ಮಾಡ್ಬಾರ್ದು, ಇನ್ನೊಬ್ಬರಿಗೆ ಬೇಕಾಗತ್ತೆ." ದಿನವೂ ಕೆಲಸ ಮುಗಿದು ಕೈಕಾಲು ತೊಳೆದ ಮೇಲೆ ತನ್ನ ಕಣ್ಣಿಗೂ ಒಂದೊಂದು ಹನಿ ಬಿಟ್ಟುಕೊಳ್ಳುತ್ತಿದ್ದ. ಇಡೀ ದಿನದ ಧೂಳು, ಒಳ್ಳೆಯದೇ ಅಲ್ಲವೇ ಎಂದು. "ಇವರ ಕಣ್ಣೂ ಒಂದು ಮಿಷನ್ನು. ದಿನಾ ಎಣ್ಣೆ ಬಿಡ್ಬೇಕು" ಎಂದು ಹೆಂಡತಿ ಹಂಗಿಸುತ್ತಿದ್ದಳು.

ಕಸ ತೆಗೆದ ಮೇಲೆ ಹೆಚ್ಚಿನ ಕಣ್ಣುಗಳು ತಮ್ಮಷ್ಟಕ್ಕೆ ತಾವೇ ವಾಸಿಯಾಗುವಂಥವು. ಹೆಸರು ಮಾತ್ರ ಹನಿಗೆ, ಹನಿ ಹಾಕಿದ ಕೈಗೆ. "ಮಾಮನ ಕೈಗುಣ" ಎಂದು ಎಲ್ಲರೂ ಅಂದರು. ಇಪ್ಪತ್ತು ವರ್ಷ ಒಂದೇ ಮಾತನ್ನು ಕೇಳಿದರೆ ಯಾರಾದರೂ ನಂಬುತ್ತಾರೆ, ಅವನೂ ನಂಬಿದ. ಈಚಿನ ಒಂದೆರಡು ವರ್ಷಗಳಲ್ಲಿ ಒಂದು ದಿನಕ್ಕೆ ಇಳಿಯುತ್ತಿದ್ದ ಕೆಂಪು ನಾಲ್ಕು ದಿನ ನಿಲ್ಲತೊಡಗಿದಾಗ ಅವನು ಅದನ್ನು ಗಮನಿಸದೆ ಇರಲಿಲ್ಲ. "ಈಗಿನ ಔಷಧಿಲಿ ಸತ್ವ ಇಲ್ಲ ಕಣ್ರೋ" ಎಂದು ಎರಡು ಹನಿಯನ್ನು ಮೂರು ಮಾಡಿದ.

ಒಬ್ಬಳೇ ಮಗಳು, ಮದುವೆಯಾಗಿ ಹತ್ತಿರದಲ್ಲೇ ಸಂಸಾರ ಹೂಡಿದ್ದಳು. ಅವಳೂ ಅದೇ ಕಾರ್ಖಾನೆಯಲ್ಲಿ, ಗಾಜಿನ ಗೋಡೆಯ ತಪಾಸಣೆ ಕೋಣೆಯಲ್ಲಿ, ಹೊರಗೆ ಹೋಗುವ ಪ್ರತಿ ತುಂಡನ್ನೂ ಅಳೆದು ನೋಡುವ ಕೆಲಸಕ್ಕಿದ್ದಳು. ಆ ಕಣ್ಣನ್ನು ತಯಾರು ಮಾಡಿದವನು ಅಪ್ಪನೇ. ಅವಳು ಏಳು ವರ್ಷದವಳಿದ್ದಾಗ ಅವನು ಹಳೆಯ ವರ್ನಿಯರ್ ಒಂದನ್ನು ಮನೆಗೆ ತಂದಿದ್ದ. ದೊಡ್ಡ ಅಳತೆಪಟ್ಟಿಯ ಮೇಲೆ ಸಣ್ಣದೊಂದು ಪಟ್ಟಿ ಜಾರುವ ಸಾಧನ ಅದು. ಸಣ್ಣ ಪಟ್ಟಿಯ ಯಾವ ಗೆರೆ ದೊಡ್ಡದರ ಗೆರೆಗೆ ನೇರವಾಗಿ ಕೂತಿದೆ ಎಂದು ಹುಡುಕಿ ಅಳತೆ ಓದಬೇಕು. ಸಂಜೆ ಕಿಟಕಿಯ ಬೆಳಕಿಗೆ ಹಿಡಿದು, "ಓದು ಪುಟ್ಟಿ" ಎನ್ನುತ್ತಿದ್ದ. ಒಂದು ಗೆರೆ ತಪ್ಪಿದರೂ ಬಿಡುತ್ತಿರಲಿಲ್ಲ. "ತಪ್ಪು. ಇನ್ನೊಂದ್ ಸಲ." ಮಗು ಅಳುತ್ತಿತ್ತು. "ಸರಿ ಅಂದ್ಬಿಡಿ, ನಿಮ್ಮ ಗಂಟೇನ್ ಹೋಗತ್ತೆ" ಎಂದು ಹೆಂಡತಿ ಜಗಳಕ್ಕೆ ಬರುತ್ತಿದ್ದಳು. ಅವನು ಜಪ್ಪಯ್ಯ ಅಂದರೂ ಅನ್ನುತ್ತಿರಲಿಲ್ಲ. ಈಗ ಅದೇ ಮಗಳು ಅಪ್ಪನ ಕೈಯಿಂದ ಬಂದ ತುಂಡುಗಳನ್ನೂ ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದಳು. ಅದು ಅವನಿಗೆ ಎಲ್ಲಕ್ಕಿಂತ ದೊಡ್ಡ ಹೆಮ್ಮೆ.

ಅವತ್ತೂ ಹಾಗೇ ಒಂದು ತುಂಡನ್ನು ಕೈಯಲ್ಲಿ ಹಿಡಿದು ಬಂದಿದ್ದಳು.

"ಅಪ್ಪ, ಇದು ಕೂರ್ತಿಲ್ಲ. ಇನ್ನೂ ದಪ್ಪ ಇದೆ."

"ಕೊಡಿಲ್ಲಿ, ಒಂದ್ ಸಲ ಮುಟ್ಟಿಸಿಕೊಡ್ತೀನಿ. ಅಲ್ಲೇ ನಿಂತ್ಕೋ."

ಅಳತೆ ಓದಲು ಅವಳು ರಕ್ಷಣೆಯ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿದ್ದಳು, ಇಳಿಸಲು ಮರೆತಳು. ಅವನು ನೋಡಿದ, ಆದರೆ ಒಂದು ಕ್ಷಣದ ಕೆಲಸ ತಾನೇ ಎಂದುಕೊಂಡ. ಚಕ್ರಕ್ಕೆ ತುಂಡು ತಾಗಿತು. ಮಗಳು "ಅಯ್ಯೋ" ಎಂದು ಬಲಗಣ್ಣು ಮುಚ್ಚಿಕೊಂಡಳು.

ಅದೇ ಸ್ಟೂಲು, ಅದೇ ಕಿಟಕಿ, ಅದೇ ಕಾಗದದ ಮೂಲೆ. ಕಿಡಿಯ ಚೂರು ಮೊದಲ ಸಲಕ್ಕೇ ಬಂತು. ಆಮೇಲೆ ಹನಿ. ಮಗಳೆಂದು ನಾಲ್ಕು ಹಾಕಿದ. ಸಂಜೆ ಮತ್ತೆ ಹಾಕಿದ, ಮರುದಿನವೂ ಹಾಕಿದ. ಎರಡನೆಯ ದಿನಕ್ಕೆ ಕೆಂಪು ಸ್ವಲ್ಪ ಇಳಿದ ಹಾಗೆ ಕಂಡಿತು. "ಸಾಕು" ಎಂದ.

ನಾಲ್ಕನೆಯ ದಿನ ಬೆಳಗ್ಗೆ ಅವಳಿಗೆ ಕಣ್ಣು ಬಿಡಲಾಗಲಿಲ್ಲ. ಬೆಳಕು ಬಿದ್ದರೆ ಸೂಜಿ ಚುಚ್ಚಿದಂತೆ ನೋವು, ನೀರು ಧಾರಾಕಾರ. ಅಳಿಯ ಕಷ್ಟಪಟ್ಟು ರೆಪ್ಪೆ ಬಿಡಿಸಿ ನೋಡಿದ. ಕರಿಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ. ಅವನು ಮನೆಮನೆಗೆ ಹೋಗಿ ನಲ್ಲಿ, ಪೈಪು ರಿಪೇರಿ ಮಾಡುವವನು. ಮಾತು ಕಡಿಮೆ. ಹೆಂಡತಿಗೆ ಚಪ್ಪಲಿ ಹಾಕಿಸಿ, ಮಾವನ ಮನೆಯ ಬಾಗಿಲು ತಟ್ಟಿ, "ನಡೀರಿ ಮಾವ, ಕಣ್ಣಾಸ್ಪತ್ರೆಗೆ" ಎಂದ. ಹನಿ ಮಾಮ ಹೊರಡುವಾಗ ಬಾಟಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ತೋರಿಸಬೇಕೆಂದೇ ಹಾಕಿಕೊಂಡ, ಅದರಲ್ಲಿ ಸುಳ್ಳಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ನಡುವಯಸ್ಸಿನವರು. ಗದ್ದ ಊರುವ ಯಂತ್ರದ ಮುಂದೆ ಮಗಳನ್ನು ಕೂರಿಸಿ ಬಹಳ ಹೊತ್ತು ನೋಡಿದರು.

"ಹುಣ್ಣಾಗಿದೆ. ಕಸ ಬಿದ್ದು ಎಷ್ಟು ದಿನ ಆಯ್ತು?"

"ನಾಲ್ಕು."

"ಇಲ್ಲಿಗೆ ಬರೋ ಮೊದ್ಲು ಏನಾದ್ರೂ ಔಷಧಿ ಹಾಕಿದ್ರಾ?"

ಮಗಳು ಒಂದು ಕಣ್ಣಲ್ಲೇ ಅಪ್ಪನ ಕಡೆ ನೋಡಿದಳು. "ಇಲ್ಲ ಡಾಕ್ಟ್ರೇ. ನೀರಲ್ಲಿ ತೊಳ್ಕೊಂಡೆ, ಅಷ್ಟೆ."

ಅಳಿಯನಿಗೆ ಹನಿಯ ವಿಚಾರ ಗೊತ್ತಿರಲಿಲ್ಲ. ಹನಿ ಹಾಕಿದ್ದೆಲ್ಲ ಕಾರ್ಖಾನೆಯಲ್ಲಿ. ಹನಿ ಮಾಮನ ಬಾಯಿ ಅರ್ಧ ತೆರೆಯಿತು. ಕೈ ಜೇಬಿನವರೆಗೂ ಹೋಯಿತು. ಡಾಕ್ಟರಮ್ಮ ಅಷ್ಟರಲ್ಲಿ ಸಣ್ಣ ಅಲಗಿನಿಂದ ಹುಣ್ಣನ್ನು ಮೆಲ್ಲಗೆ ಕೆರೆದು, ಗಾಜಿನ ತಟ್ಟೆಗೆ ಬಳಿದು, "ಲ್ಯಾಬಲ್ಲಿ ಬೆಳೆಸಿ ನೋಡ್ತಾರೆ. ಯಾವ ರೋಗಾಣು, ಯಾವ ಔಷಧಿಗೆ ಸಾಯತ್ತೆ ಅಂತ ಗೊತ್ತಾಗೋಕೆ ಎರಡು ದಿನ ಬೇಕು. ಅಲ್ಲೀವರೆಗೆ ಇದನ್ನ ಗಂಟೆಗೊಂದು ಸಲ ಹಾಕಿ" ಎಂದು ಚೀಟಿ ಬರೆದರು.

ಅಳಿಯ ಔಷಧಿ ತಂದು ಕೈಗಿತ್ತಾಗ ಹನಿ ಮಾಮ ಅದನ್ನು ಬೆಳಕಿಗೆ ತಿರುಗಿಸಿ ನೋಡಿದ. ಅದೇ ಪುಟ್ಟ ಬಿಳಿ ಬಾಟಲಿ. ಅದೇ ಹೆಸರು.

ಇಲ್ಲಿ ಅವನ ಮೇಲೆ ಯಾರಿಗಾದರೂ ಸಿಟ್ಟು ಬರಬೇಕು. ನಾನು ಹಾಕಿದ್ದು ಇದನ್ನೇ, ಇದು ಹಿಡಿಯಲಿಲ್ಲ ಎಂದು ಆ ಕ್ಷಣವೇ ಒಳಗೆ ಓಡಿ ಹೇಳಬೇಕಾಗಿತ್ತು. ಅವನಿಗೆ ಹೊಳೆದದ್ದು ಬೇರೆ. ಇಷ್ಟು ಓದಿದ ಡಾಕ್ಟರು, ಇಷ್ಟು ದೊಡ್ಡ ಯಂತ್ರದಲ್ಲಿ ನೋಡಿ, ಕೊನೆಗೆ ಬರೆದದ್ದು ನನ್ನ ಔಷಧಿಯನ್ನೇ! ಅಂದಮೇಲೆ ನನ್ನದು ತಪ್ಪಲ್ಲ. ತಪ್ಪಲ್ಲದ ಮೇಲೆ ಹೇಳುವುದೇನಿದೆ? ಅವನ ಬಾಟಲಿ ಜೇಬಿನಲ್ಲೇ ಉಳಿಯಿತು. ಮಗಳನ್ನು ತನ್ನ ಮನೆಗೇ ಕರೆತಂದು ಹೆಂಡತಿಗೆ, "ನೋಡು, ಆಸ್ಪತ್ರೆಯವರೂ ಅದನ್ನೇ ಕೊಟ್ರು" ಎಂದು ಹೇಳಿಯೂ ಹೇಳಿದ. ಮಗಳ ನರಳಾಟ ಕೇಳುತ್ತಿರುವಾಗ ಈ ಮನುಷ್ಯನಿಗೆ ಇದು ಹೇಗೆ ಹೊಳೆಯಿತು ಎಂಬಂತೆ ಅವಳು ಅವನನ್ನು ನೋಡಿದಳು.

ಎರಡು ದಿನ ಗಂಟೆಗೊಂದು ಸಲ ಅದೇ ಹನಿ ಬಿತ್ತು. ಮೂರನೆಯ ದಿನ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬಿಳಿ ಚುಕ್ಕೆ ಅವರೆಕಾಳಿನ ಅರ್ಧದಷ್ಟಾಗಿತ್ತು. ಕಣ್ಣೊಳಗೆ ತಳದಲ್ಲಿ ಕೀವು ನಿಂತಿತ್ತು.

ಡಾಕ್ಟರಮ್ಮ ಕಣ್ಣು ನೋಡಿ ಎದ್ದರು. ಲ್ಯಾಬಿನಿಂದ ಬಂದಿದ್ದ ಮುಚ್ಚಳದ ದುಂಡು ತಟ್ಟೆಯೊಂದನ್ನು ಮೇಜಿನ ದೀಪದ ಕೆಳಗೆ ಇಟ್ಟರು. ತಟ್ಟೆಯ ತುಂಬ ತೆಳುವಾಗಿ ಹಳದಿ ಪೊರೆ ಬೆಳೆದಿತ್ತು. ಅದರ ಮೇಲೆ ಅಂಗಿಯ ಗುಂಡಿಗಿಂತ ಚಿಕ್ಕದಾದ ಎಂಟು ಕಾಗದದ ಬಿಲ್ಲೆಗಳು.

"ಈ ಹಳದಿ ಇದೆಯಲ್ಲ, ಅದೇ ನಿಮ್ಮ ಮಗಳ ಕಣ್ಣಲ್ಲಿರೋ ರೋಗಾಣು. ಒಂದೊಂದು ಬಿಲ್ಲೇಲೂ ಒಂದೊಂದು ಔಷಧಿ ಇದೆ. ಔಷಧಿ ಕೆಲಸ ಮಾಡಿದ್ರೆ ಬಿಲ್ಲೆ ಸುತ್ತ ಖಾಲಿ ಜಾಗ ಇರತ್ತೆ."

ಎರಡು ಬಿಲ್ಲೆಗಳ ಸುತ್ತ ಮಾತ್ರ ದುಂಡಗೆ ಖಾಲಿ ಇತ್ತು.

"ನಾವು ಹಾಕ್ತಿರೋದು ಯಾವುದು?" ಎಂದು ಹನಿ ಮಾಮ ಕೇಳಿದ.

ಅವರು ಪೆನ್ನಿನ ತುದಿಯಿಂದ ತೋರಿಸಿದರು. ಅವನು ಬಗ್ಗಿದ. ಮೂವತ್ತೊಂದು ವರ್ಷ ಎರಡು ಉಕ್ಕಿನ ತುಂಡುಗಳ ನಡುವಿನ ಸಂದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಹಳದಿ ಪೊರೆ ಬಿಲ್ಲೆಯ ಅಂಚಿನವರೆಗೂ ಬಂದು ಮುಟ್ಟಿತ್ತು. ಕೂದಲೆಳೆಯಷ್ಟೂ ಸಂದಿರಲಿಲ್ಲ.

ಅವನು ನೆಟ್ಟಗೆ ನಿಂತ. ಜೇಬಿನಿಂದ ತನ್ನ ಹಳೆಯ ಬಾಟಲಿ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟ.

"ನಾನು ಹಾಕಿದ್ದೆ ಅಮ್ಮ. ಇಲ್ಲಿಗೆ ಬರೋ ಮುಂಚೆ ಎರಡು ದಿನ. ಇದೇ ಔಷಧಿ. ಅವಳು ನನ್ನ ಮಾನ ಉಳಿಸೋಕೆ ಇಲ್ಲ ಅಂದ್ಲು. ನಾನು ಸುಮ್ನಿದ್ದೆ."

ಡಾಕ್ಟರಮ್ಮ ಬಾಟಲಿಯನ್ನೂ ಅವನನ್ನೂ ನೋಡಿದರು. "ಮೊನ್ನೆನೇ ಹೇಳಿದ್ದಿದ್ರೆ..." ಎಂದವರು ಮಗಳ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದರು. ಆ ಅರ್ಧ ಮಾತನ್ನು ಅವನು ಈಗಲೂ ಪೂರ್ತಿ ಮಾಡಿಕೊಳ್ಳುತ್ತಿರುತ್ತಾನೆ. ಮೊನ್ನೆಯೇ ಹೇಳಿದ್ದರೆ ಮೊನ್ನೆಯೇ ಬೇರೆ ಔಷಧಿ. ಮೊನ್ನೆಯೇ ಬೇರೆ ಔಷಧಿ ಬಿದ್ದಿದ್ದರೆ ಚುಕ್ಕೆ ಅಕ್ಕಿನುಚ್ಚಿನಷ್ಟಕ್ಕೇ ನಿಲ್ಲುತ್ತಿತ್ತೋ ಏನೋ.

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು. ಎಷ್ಟು ವರ್ಷದಿಂದ, ಯಾರುಯಾರಿಗೆ, ಎಷ್ಟೆಷ್ಟು ದಿನ ಎಂದು ಒಂದೊಂದಾಗಿ ಕೇಳಿದರು. ಅವನು ಒಂದನ್ನೂ ಮುಚ್ಚಿಡಲಿಲ್ಲ. ತನ್ನ ಕಣ್ಣಿನ ಸಂಜೆಯ ಹನಿಯನ್ನೂ ಹೇಳಿದ. ಬಾಟಲಿಯ ಮೂತಿಯಿಂದ, ಅವನ ರೆಪ್ಪೆಯ ಅಂಚಿನಿಂದ, ಮೂಗಿನಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ಲ್ಯಾಬಿಗೆ ಕಳಿಸಿದರು. ಎರಡು ದಿನದ ಮೇಲೆ ಅದರ ಫಲಿತಾಂಶವೂ ಬಂತು.

"ಬಾಟಲಿಯಿಂದ ಹೋಯ್ತೋ, ನಿಮ್ಮ ಕೈಯಿಂದ ಹೋಯ್ತೋ, ನಾನು ಆಣೆ ಮಾಡಿ ಹೇಳೋಕಾಗಲ್ಲ. ಆದ್ರೆ ನಿಮ್ಮ ರೆಪ್ಪೇಲಿರೋದೂ ಅವಳ ಕಣ್ಣಲ್ಲಿರೋದೂ ಒಂದೇ ಜಾತಿ. ಅದೇ ಆರು ಔಷಧಿಗೆ ಬಗ್ಗಲ್ಲ" ಎಂದರು ಡಾಕ್ಟರಮ್ಮ. "ಒಂದು ಹನಿ ಹಾಕಿದಾಗ ಮೆತ್ತಗಿರೋವು ಸಾಯ್ತವೆ, ಗಟ್ಟಿ ಇರೋವು ಉಳ್ಕೊಳ್ತವೆ. ಪೂರ್ತಿ ಕೊಲ್ಲದೆ ನಿಲ್ಲಿಸಿದ್ರಿ. ಬೇಡದೆ ಇದ್ದಾಗ್ಲೂ ದಿನಾ ಹಾಕಿದ್ರಿ. ಉಳ್ಕೊಂಡಿದ್ದೇ ಬೆಳೀತಾ ಬಂತು."

ಉಕ್ಕನ್ನು ಕಾಯಿಸಿ ತಣಿಸಿ, ಕಾಯಿಸಿ ತಣಿಸಿ ಗಟ್ಟಿ ಮಾಡುವುದು ಅವನಿಗೆ ಗೊತ್ತಿದ್ದ ಕೆಲಸ. ದಿನಕ್ಕೊಂದು ಹನಿಯಂತೆ ಇಪ್ಪತ್ತು ವರ್ಷ ತಾನು ಮಾಡಿದ್ದು ಅದನ್ನೇ ಎಂದು ಅರ್ಥವಾಯಿತು. ಕಾರಿಡಾರಿನ ಬೆಂಚಿನ ಮೇಲೆ ಕೂತು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ತಟ್ಟೆ ನೋಡಿದ ದಿನವೇ ಮಗಳು ವಾರ್ಡಿಗೆ ದಾಖಲಾಗಿದ್ದಳು. ಚುಚ್ಚುಮದ್ದಿನ ಔಷಧಿಯನ್ನು ಆಸ್ಪತ್ರೆಯಲ್ಲೇ ಹನಿಯಾಗಿ ಬೆರೆಸಿ, ಫ್ರಿಜ್‌ನಲ್ಲಿಟ್ಟು ಕೊಡುತ್ತಿದ್ದರು. ಹಗಲೆಲ್ಲ ಗಂಟೆಗೊಂದು ಸಲ ಮನೆಯವರೊಬ್ಬರು ಹಾಕಬೇಕು. ಅಭ್ಯಾಸಬಲದಿಂದ ಹನಿ ಮಾಮ ಮುಂದೆ ಬಂದ. "ನೀವು ಬೇಡ ಯಜಮಾನ್ರೇ" ಎಂದಳು ನರ್ಸು. ಒರಟಾಗಿ ಹೇಳಲಿಲ್ಲ. ಆದರೂ ಅವನು ಹೊಡೆತ ತಿಂದವನಂತೆ ಹಿಂದೆ ಸರಿದ.

ಕೆಲಸ ಅಳಿಯನ ಮೇಲೆ ಬಿತ್ತು. ಅವನ ಬೆರಳುಗಳೋ, ತುಕ್ಕು ಹಿಡಿದ ಪೈಪಿನ ತಿರುಪು ಬಿಚ್ಚುವ ಬೆರಳುಗಳು. ಪುಟ್ಟ ಬಾಟಲಿ ಅಂಗೈಯಲ್ಲಿ ಕಾಣೆಯಾಗುತ್ತಿತ್ತು. ಮೊದಲ ಹನಿ ಹೆಂಡತಿಯ ಹುಬ್ಬಿನ ಮೇಲೆ ಬಿತ್ತು, ಎರಡನೆಯದು ಕಿವಿಯ ಹತ್ತಿರ.

"ಕಣ್ಣು ಇಲ್ಲಿದೆ ರೀ" ಎಂದಳು ಅವಳು, ಆ ನೋವಿನಲ್ಲೂ.

"ನನ್ನ ಕೈಲಾಗಲ್ಲ ಮಾವ" ಎಂದು ಅಳಿಯ ಬೆವರಿದ.

ಹನಿ ಮಾಮ ಮಂಚದಿಂದ ಮೂರು ಹೆಜ್ಜೆ ದೂರದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. "ಆಗತ್ತೆ. ಅವಸರ ಬೇಡ. ಕೆಳರೆಪ್ಪೆ ಸ್ವಲ್ಪ ಕೆಳಗೆ ಎಳಿ. ಜೇಬಿನ ಹಾಗೆ ಆಗತ್ತೆ ನೋಡು. ಮೇಲಿಂದ ಬಿಡು. ಬಾಟಲಿ ಮೂತಿ ರೆಪ್ಪೆಗೆ ತಾಗಿಸ್ಬೇಡ..." ಎನ್ನುತ್ತ ಅಲ್ಲಿಗೇ ತಡೆದು ನಿಂತ. ಮೂತಿ ತಾಗಬಾರದು ಎಂದು ಆ ಬೆಳಗ್ಗೆ ನರ್ಸು ಹೇಳಿಕೊಟ್ಟಿದ್ದಳು. ಒಂದು ಹನಿಯೂ ದಂಡವಾಗಬಾರದೆಂದು ಅವನು ಇಪ್ಪತ್ತು ವರ್ಷವೂ ರೆಪ್ಪೆಗೆ ತಾಗಿಸಿಯೇ ಹಾಕುತ್ತಿದ್ದ.

ನಾಲ್ಕನೆಯ ದಿನ ಕೀವು ಇಳಿಯತೊಡಗಿತು. ಅಂದು ಮಧ್ಯಾಹ್ನ ಅಳಿಯ ಕಾಫಿ ತರಲು ಹೋಗಿದ್ದಾಗ ಅವನು ಮಗಳನ್ನು ಕೇಳಿದ:

"ನೀನ್ಯಾಕೆ ಸುಳ್ಳು ಹೇಳ್ದೆ ಪುಟ್ಟಿ?"

"ನಿನ್ನ ಮುಖ ನೋಡೋಕಾಗ್ಲಿಲ್ಲ ಅಪ್ಪ. ಮಾಮನ ಮಗಳ ಕಣ್ಣೇ ಹೋಯ್ತು ಅಂತ ಎಲ್ಲರೂ ಆಡ್ಕೋತಾರೆ ಅನ್ನಿಸ್ತು." ಆಮೇಲೆ ಅವಳೇ ಕೇಳಿದಳು: "ನೀನ್ಯಾಕೆ ಸುಮ್ನಿದ್ದೆ?"

ಅವನಿಗೆ ಉತ್ತರ ಗೊತ್ತಿತ್ತು. ಅದನ್ನು ಹೇಳದೆ ಅವಳ ಹೊದಿಕೆ ಸರಿಪಡಿಸಿದ.

ಅವನು ಹನಿ ಹಾಕಿದವರಲ್ಲಿ ಯಾರಿಗೆ ಕಣ್ಣು ಕೆಂಪಾಗಿದೆಯೋ ಅವರೆಲ್ಲ ಬಂದು ತೋರಿಸಿಕೊಂಡು ಹೋಗಲಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಅದನ್ನು ಮೇಸ್ತ್ರಿಯ ಬಾಯಲ್ಲಿ ಹೇಳಿಸಬಹುದಿತ್ತು. ಸೂಚನಾ ಫಲಕಕ್ಕೆ ಚೀಟಿ ಅಂಟಿಸಬಹುದಿತ್ತು. ಅವನು ಊಟದ ಹೊತ್ತಿಗೆ, ಎಲ್ಲರೂ ಡಬ್ಬಿ ಬಿಚ್ಚಿ ಕೂತಾಗ, ಉದ್ದ ಮೇಜಿನ ತುದಿಯಲ್ಲಿ ನಿಂತು ತಾನೇ ಹೇಳಿದ. ಮಗಳ ಕಣ್ಣಿಗೆ ಏನಾಯಿತು, ಯಾರಿಂದ ಆಯಿತು, ತಾನು ಎಲ್ಲಿ ಬಾಯಿ ಮುಚ್ಚಿಕೊಂಡಿದ್ದೆ, ಎಲ್ಲವನ್ನೂ. ಯಾರೂ ತುತ್ತು ಎತ್ತಲಿಲ್ಲ.

ಲೇತ್‌ನವರಲ್ಲಿ ಒಬ್ಬನನ್ನು ಗಡಿಯಾರ ಎಂದು ಕರೆಯುತ್ತಿದ್ದರು. ಹತ್ತು ನಿಮಿಷಕ್ಕೊಮ್ಮೆ ಗಂಟೆ ಎಷ್ಟೆಂದು ಕೇಳುವವನು. ಅವನು ಎದ್ದು ನಿಂತ. "ಬಿಡಿ ಮಾಮ. ನನ್ನ ಕಣ್ಣು ಐದು ಸಲ ಉಳಿಸಿದ್ದೀರ. ನಿಮ್ಮ ಕೈಗುಣ ನಮಗೆ ಗೊತ್ತಿಲ್ವಾ?"

"ನಾನು ಉಳಿಸ್ಲಿಲ್ಲ ಕಣಪ್ಪ. ತಾನಾಗೇ ಉಳೀತು. ಉಳಿದಿದ್ದೆಲ್ಲ ನನ್ನ ಲೆಕ್ಕಕ್ಕೆ ಹಾಕ್ಕೊಂಡೆ" ಎಂದು ಹನಿ ಮಾಮ ಕೈಮುಗಿದ. "ಇನ್ಮೇಲೆ ಕಸ ಬಿದ್ರೆ ನನ್ನ ಹತ್ರ ಬರ್ಬೇಡಿ. ಆಸ್ಪತ್ರೆಗೆ ಹೋಗಿ. ಕನ್ನಡಕ ಹಣೆ ಮೇಲಲ್ಲ, ಕಣ್ಣಿನ ಮೇಲೆ ಹಾಕ್ಕೊಳ್ಳಿ." ಡ್ರಾಯರ್ ಖಾಲಿಯಾಯಿತು. ಹೆಸರು ಮಾತ್ರ ಉಳಿಯಿತು. ಕರೆದಾಗಲೆಲ್ಲ ಅದು ಅವನಿಗೆ ಚುಚ್ಚುತ್ತದೆ. ಬೇರೆ ಹೆಸರು ಯಾರಿಗೂ ಗೊತ್ತಿಲ್ಲದ್ದರಿಂದ ಅವನು ತಿರುಗಿ ನೋಡುತ್ತಾನೆ.

ಮೂರು ತಿಂಗಳಾಯಿತು. ಮಗಳ ಕಣ್ಣು ಉಳಿಯಿತು. ಹುಣ್ಣು ಮಾಗಿ ಕರಿಗುಡ್ಡೆಯ ಮೇಲೆ ಮಾಸಲು ಬಿಳಿ ಕಲೆ ನಿಂತಿತು. ಸದ್ಯಕ್ಕೆ ಇಷ್ಟೇ ದೃಷ್ಟಿ, ಮುಂದೆ ಬೇಕಾದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡೋಣ ಎಂದರು ಡಾಕ್ಟರಮ್ಮ. ಮುಂದಿನ ವಾರ ಅವಳು ಮತ್ತೆ ಕೆಲಸಕ್ಕೆ ಹೋಗುವುದಿತ್ತು. ಸಂಜೆ ಅಪ್ಪನ ಮನೆಗೆ ಬಂದವಳು ಕಪಾಟಿನಿಂದ ಹಳೆಯ ವರ್ನಿಯರ್ ತೆಗೆದು, "ಅಪ್ಪ, ಒಂದು ಅಳತೆ ಇಡು" ಎಂದು ಕಿಟಕಿಯ ಪಕ್ಕದಲ್ಲಿ ಕೂತಳು.

ಅವನು ಪಟ್ಟಿ ಜಾರಿಸಿ, ತಿರುಪು ಬಿಗಿ ಮಾಡಿ ಕೊಟ್ಟ. ಅವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನ ಹತ್ತಿರಕ್ಕೆ ತಂದಳು. ದೂರ ಮಾಡಿದಳು. ಬೆಳಕಿಗೆ ತಿರುಗಿಸಿದಳು. ಎಷ್ಟೋ ಹೊತ್ತು ಕಳೆಯಿತು.

"ಇಪ್ಪತ್ಮೂರು... ಪಾಯಿಂಟ್ ನಾಲ್ಕು."

ಇಟ್ಟಿದ್ದು ಇಪ್ಪತ್ತಮೂರು ಪಾಯಿಂಟ್ ಏಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನ ಮುಖ ನೋಡಿದಳು. ಸರಿ ಅಂದುಬಿಡಿ ಎಂದು ಕಣ್ಣಲ್ಲೇ ಬೇಡಿದಳು. ಅವನಿಗೂ ಅದೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಸುಮ್ಮನಿದ್ದರೂ ಸಾಕಾಗಿತ್ತು, ಅವನು ಸುಮ್ಮನಿರಬಲ್ಲ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ತಪ್ಪು" ಎಂದ.

"ಎಷ್ಟು ತಪ್ಪು?"

"ಮೂರು ಗೆರೆ."

ಮಗಳು ತಲೆಯಾಡಿಸಿದಳು. ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಆ ಕಣ್ಣಲ್ಲಿ ಈಗ ಹೊತ್ತಿಲ್ಲದ ಹೊತ್ತಿನಲ್ಲಿ ನೀರು ಬರುವುದು ಮಾಮೂಲು. ಅಂದು ಎಡಗಣ್ಣಿನಿಂದಲೂ ಬರುತ್ತಿತ್ತು.

"ಸರಿ ಅಂದಿದ್ರೆ ಇನ್ಮೇಲೆ ನಿನ್ನ ಯಾವ ಮಾತೂ ನಂಬ್ತಿರ್ಲಿಲ್ಲ ಅಪ್ಪ" ಎಂದಳು.

ಸೆರಗಿನಿಂದ ಮುಖ ಒರೆಸಿಕೊಂಡು, ಅಂಗೈಯನ್ನು ಬಲಗಣ್ಣಿನ ಮೇಲಕ್ಕೆ ಬದಲಿಸಿ, ವರ್ನಿಯರನ್ನು ಎಡಗಣ್ಣಿಗೆ ಹಿಡಿದಳು.

"ಪಾಯಿಂಟ್ ಏಳು."

"ಸರಿ" ಎಂದ ಹನಿ ಮಾಮ.